ಬರೋಬ್ಬರಿ ಎಷ್ಟು ಮೇಡಂ?

ಟಿವಿಯಲ್ಲಿ ಇಬ್ಬರು ವಾದಕ್ಕೆ ಕೂತರೆ ನಾನು ಮೂರನೆಯವಳಾಗಿ ಸೇರಿಕೊಳ್ಳುತ್ತೇನೆ. ಅವರಿಗೆ ನನ್ನ ಮಾತು ಕೇಳಿಸುವುದಿಲ್ಲ ಎಂದು ಗೊತ್ತು, ಆದರೂ ನನ್ನ ಪಾಲಿನದನ್ನು ಹೇಳದೆ ಬಿಡುವವಳಲ್ಲ. ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ರಿಮೋಟು ಸದಾ ಯಜಮಾನರ ಕೈಯಲ್ಲಿರುತ್ತದೆ. ಅದು ಚಾನೆಲ್ ಬದಲಿಸಲಿಕ್ಕಲ್ಲ, ನನ್ನ ದನಿ ಏರಿದಾಗ ಟಿವಿಯ ದನಿ ಇಳಿಸಲಿಕ್ಕೆ. ಎರಡೂ ಒಟ್ಟಿಗೆ ಕಿವಿಗೆ ಬಿದ್ದರೆ ಅವರಿಗೆ ತಲೆ ಸಿಡಿಯುತ್ತದಂತೆ.

ಈ ಚಟ ಹತ್ತಿದ್ದು ಕೆಲಸದಿಂದ. ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಎಷ್ಟೋ ವಾದಗಳು ಈ ಬೆರಳುಗಳ ಕೆಳಗೆ ಹಾದು ಹೋಗಿವೆ. ಆದರೆ ಎದುರಿನವನ ಮಾತು ಸರಿ ಎಂದು ಯಾವ ವಕೀಲನೂ ಬರೆಸಿದ್ದನ್ನು ನಾನು ಕಾಣೆ. ಒಪ್ಪದೆ ಗತಿಯಿಲ್ಲದ ಕಡೆಯಲ್ಲೂ ‘ವಾದಕ್ಕಾಗಿ ಒಪ್ಪಿದರೂ’ ಎಂದು ಮುಂದೊಂದು ಬಾಲ ಹಚ್ಚುತ್ತಾರೆ. ಆ ಬಾಲ ನನಗೆ ಬಹಳ ಇಷ್ಟ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಯಜಮಾನರು ಅಂದರೂ ನಾನು ಅದನ್ನೇ ಬಳಸುತ್ತೇನೆ.

ಇಂಥವಳ ಒಡಹುಟ್ಟಿದ ತಂಗಿ ಒಂದು ದಿನ ಟಿವಿಯೊಳಗೇ ವಾದಕ್ಕೆ ಕೂತಳು. ಜಿಲ್ಲಾ ಪಂಚಾಯತಿ ಚುನಾವಣೆ ಇನ್ನೇನು ಬಂದೇಬಿಟ್ಟಿತು ಎಂಬ ಸುದ್ದಿ ಎದ್ದ ಹೊತ್ತದು. ತಂಗಿಯ ಪಕ್ಷದಲ್ಲಿ ಅವರ ಕ್ಷೇತ್ರದ ಟಿಕೆಟಿಗೆ ನಾಲ್ವರು ಆಕಾಂಕ್ಷಿಗಳಿದ್ದರು. ಮೇಲಿನ ನಾಯಕರಿಗೆ ಯಾರನ್ನು ಒಪ್ಪಿ ಯಾರ ಸಿಟ್ಟು ಕಟ್ಟಿಕೊಳ್ಳುವುದು ಎಂಬ ಸಂಕಟ. ಕೊನೆಗೆ ನಮ್ಮ ಕಡೆ ಯಾರೂ ಕೇಳರಿಯದ ಒಂದು ಉಪಾಯ ಹೂಡಿದರು: ನಾಲ್ವರನ್ನೂ ಕಮಲಾಪುರದ ಕಲ್ಯಾಣ ಮಂಟಪದಲ್ಲಿ ಒಂದೇ ವೇದಿಕೆಗೆ ಹತ್ತಿಸಿ ಚರ್ಚೆ ಮಾಡಿಸುವುದು, ಆಮೇಲೆ ಕ್ಷೇತ್ರದ ಕಾರ್ಯಕರ್ತರು ಚೀಟಿ ಹಾಕುವುದು, ಹೆಚ್ಚು ಚೀಟಿ ಬಿದ್ದವರಿಗೆ ಟಿಕೆಟು. ಊರಿನ ಕೇಬಲ್ ಚಾನೆಲ್ಲು ಅದನ್ನು ನೇರ ಪ್ರಸಾರ ಮಾಡುತ್ತದೆ ಎಂದು ತಿಳಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬಂದೆ.

ತಂಗಿ ಕಮಲಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜೋಳ ಬೀಸಿಸಲು ಬರುವ ಹೆಂಗಸರು ಚೀಲದ ಜೊತೆ ಮನೆಯ ಕಷ್ಟಸುಖವನ್ನೂ ತಂದು ಅವಳ ಮುಂದೆ ಇಳಿಸುತ್ತಾರೆ. ಅವಳು ರಾಜಕೀಯಕ್ಕೆ ಬಂದದ್ದು ಹಾಗೆಯೇ, ಗಿರಣಿಯ ಬಾಗಿಲಿನಿಂದ. ವರ್ಷಾನುಗಟ್ಟಲೆ ಆ ಸದ್ದಿನಲ್ಲಿ ನಿಂತು ಅವಳಿಗೆ ಎರಡು ಅಭ್ಯಾಸ ಆಗಿವೆ. ಒಂದು, ಎಲ್ಲಿ ಹೋದರೂ ಗಂಟಲು ಹರಿಯುವಂತೆ ಮಾತಾಡುತ್ತಾಳೆ. ಇನ್ನೊಂದು, ಗಿರಣಿ ಎಷ್ಟೇ ಅರಚಲಿ, ಸರದಿಯಲ್ಲಿ ನಿಂತವರು ಬಾಯೊಳಗೆ ಗೊಣಗಿದ್ದು ಕೂಡ ಅವಳಿಗೆ ಕೇಳಿಸುತ್ತದೆ. ತುಟಿ ನೋಡಿ ತಿಳಿಯುತ್ತಾಳೋ ಏನೋ, ನನಗೆ ಗೊತ್ತಿಲ್ಲ.

ಅವಳು ಹಿಡಿದುಕೊಂಡಿದ್ದ ವಿಷಯ ಒಂದೇ. ತಾಲೂಕಿಗೆ ಬರಲಿರುವ ಹೊಸ ಆಂಬುಲೆನ್ಸು ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರವೇ ನಿಲ್ಲಬೇಕು. ಹಿಂದೊಮ್ಮೆ ಹೆರಿಗೆ ನೋವು ಬಂದ ಪಕ್ಕದ ಮನೆಯ ಹೆಣ್ಣುಮಗಳನ್ನು ಅವಳು ಟೆಂಪೊದಲ್ಲಿ ಕಲಬುರಗಿಗೆ ಕರೆತರುತ್ತಿದ್ದಾಗ, ಅರ್ಧ ದಾರಿಯಲ್ಲೇ, ಇವಳ ಕೈಯಲ್ಲೇ ಹೆರಿಗೆಯಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆವತ್ತಿನ ಹೆದರಿಕೆ ತಂಗಿಯ ಮೈಯಿಂದ ಇನ್ನೂ ಇಳಿದಿಲ್ಲ. ಅಂದಿನಿಂದ ಆಂಬುಲೆನ್ಸು, ಆಂಬುಲೆನ್ಸು ಎಂದು ಕಚೇರಿ ಕಚೇರಿ ಅಲೆದವಳು ಅವಳು. ಕಮಲಾಪುರದ ಕಾರ್ಯಕರ್ತರು ಅವಳ ಹಿಂದೆ ನಿಂತದ್ದೂ ಅದಕ್ಕೇ.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಬೇಕು. ನಮ್ಮ ಕಡೆ ‘ಬರೋಬ್ಬರಿ’ ಅಂದರೆ ಸರಿ, ಸಮ, ಇದ್ದದ್ದು ಇದ್ದಂತೆ. ಸಣ್ಣವರಿದ್ದಾಗ ಅವ್ವ ಒಂದು ಕೆಂಪು ಬಾಳೆಹಣ್ಣನ್ನು ನಮ್ಮಿಬ್ಬರ ನಡುವೆ ಇಡುತ್ತಿದ್ದಳು. ಒಬ್ಬಳು ಮುರಿಯಬೇಕು, ಇನ್ನೊಬ್ಬಳು ಮೊದಲು ಆರಿಸಬೇಕು, ಆರಿಸಿದವಳು ‘ಬರೋಬ್ಬರಿ ಅದ’ ಎಂದಮೇಲೆಯೇ ತಿನ್ನಬೇಕು. ತಂಗಿ ಅದನ್ನು ಹೇಳಿ ತಿನ್ನುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ಹೇಳಿದರೆ ಮುರಿದವಳು ಗೆದ್ದ ಹಾಗೆ ಅಲ್ಲವೇ? ಕೈಯಲ್ಲಿ ಹಣ್ಣು ಹಿಡಿದು ಅದು ಕರಗುವ ತನಕ ಕೂತಿರುತ್ತಿದ್ದೆ, ಅವ್ವ ಬೇಸತ್ತು ತಿನ್ನು ಮಾರಾಯತಿ ಅನ್ನುತ್ತಿದ್ದಳು. ದೊಡ್ಡವಳಾದ ಮೇಲೂ ಆ ಶಬ್ದ ನನ್ನ ಬಾಯಿಗೆ ಹತ್ತಲಿಲ್ಲ. ಮದುವೆಯಾದಾಗಿನಿಂದ ಯಜಮಾನರು ಕಾಯುತ್ತಿದ್ದಾರೆ, ಕಾಯಲಿ.

ಚರ್ಚೆಯ ಹಿಂದಿನ ವಾರವೆಲ್ಲ ನಾನು ಫೋನಿನಲ್ಲಿ ತಂಗಿಗೆ ತಯಾರಿ ಮಾಡಿಸಿದೆ. ಮೊದಲನೆಯ ಮತ್ತು ಕೊನೆಯ ಪಾಠ ಒಂದೇ: ಎದುರಿನವನು ಸೂರ್ಯ ಮೂಡಲಲ್ಲಿ ಹುಟ್ಟುತ್ತಾನೆ ಅಂದರೂ ಒಪ್ಪಬೇಡ. ಅವಳು ಹ್ಞೂಂ ಹ್ಞೂಂ ಎನ್ನುತ್ತ ಹಿಂದೆ ಯಾರಿಗೋ ಹಿಟ್ಟು ಸಣ್ಣಗೆ ಬೇಕೋ ದಪ್ಪಗೆ ಬೇಕೋ ಎಂದು ಕೇಳುತ್ತಿದ್ದಳು. ಮಂಟಪಕ್ಕೆ ನಾನೂ ಬರುತ್ತೇನೆ ಅಂದೆ. ಒಳಗೆ ಕಾರ್ಯಕರ್ತರಿಗೆ ಮಾತ್ರ ಪ್ರವೇಶ ಎಂದಳು. ಸ್ವಲ್ಪ ತಡೆದು ಖರೆ ಕಾರಣವನ್ನೂ ಹೇಳಿದಳು, “ನೀ ಬಂದ್ರ ಎದ್ದು ನಿಂತು ಜಗಳಾಡ್ತಿ, ಅಕ್ಕ. ಮನ್ಯಾಗೇ ನೋಡು.”

ಹಾಗಾಗಿ ಆ ಭಾನುವಾರ ಬೆಳಿಗ್ಗೆ ನಾವು ಮೂವರು ಟಿವಿಯ ಮುಂದೆ ಕೂತೆವು: ನಾನು, ರಿಮೋಟು ಹಿಡಿದ ಯಜಮಾನರು, ಪಕ್ಕದ ಮನೆಯ ಆಪಾ. ಆಪಾ ನಮ್ಮ ಓಣಿಗೆಲ್ಲ ಕುಪ್ಪಸ ಹೊಲಿದುಕೊಡುವವಳು. ತಂಗಿ ಆವತ್ತು ತೊಟ್ಟಿದ್ದ ಹಸಿರು ಕುಪ್ಪಸ ಅವಳದೇ ಕೈಕೆಲಸ. ರಾಜಕೀಯದಲ್ಲಿ ಅವಳಿಗೆ ಆಸಕ್ತಿ ಇಲ್ಲ, ಕ್ಯಾಮೆರಾ ತೋಳಿನ ಅಂಚನ್ನು ತೋರಿಸುತ್ತದೋ ಇಲ್ಲವೋ ಎಂಬುದರಲ್ಲಿ ಇತ್ತು. ನಡುವೆ ಒಂದು ದೊಡ್ಡ ತಟ್ಟೆ ನೆನೆಸಿದ ಮಂಡಕ್ಕಿಯ ಸುಸಲಾ ಇಟ್ಟಿದ್ದೆ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಮಿರ್ಚಿ ಭಜಿ. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಪರದೆ ತೆರೆದಾಗ ನಾಲ್ವರೂ ಸಾಲಾಗಿ ಕೂತಿದ್ದರು. ತಂಗಿ ಮೂರನೆಯ ಕುರ್ಚಿಯಲ್ಲಿ, ಕೈ ಎರಡೂ ಮಡಿಲಲ್ಲಿ. ನನ್ನ ತಂಗಿ ಟಿವಿಯಲ್ಲಿ! ನಾನು ಎದ್ದು ಹೋಗಿ ಗಾಜಿನ ಮೇಲಿನ ಧೂಳು ಸೆರಗಿನಿಂದ ಒರೆಸಿ ಬಂದೆ. ಅಷ್ಟರಲ್ಲಿ ತೋಳು ಕಾಣಿಸಿ ಹೋಯಿತೆಂದು ಆಪಾ ನನ್ನ ಮೇಲೆ ಸಿಟ್ಟಾದಳು.

ನಿರೂಪಕ ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಹುಡುಗ. ಟೈ ಕಟ್ಟಿದ್ದ, ಮಾತು ಕೇಳಿದರೆ ಪಠ್ಯಪುಸ್ತಕ ಓದಿದ ಹಾಗೆ. ಮೊದಲನೆಯ ಆಕಾಂಕ್ಷಿ ವೇದಿಕೆಯ ಮೇಲಿದ್ದವರಿಗೆ, ಇಲ್ಲದವರಿಗೆ, ಬರಬೇಕಾಗಿದ್ದು ಬರದವರಿಗೆ ನಮಸ್ಕಾರ ಹೇಳುತ್ತ ಹೇಳುತ್ತ ತನ್ನ ಸಮಯವನ್ನೆಲ್ಲ ಮುಗಿಸಿದ. ಎರಡನೆಯವನು ತನ್ನ ಅಜ್ಜನ ಬಗ್ಗೆ ಮಾತಾಡಿದ. ಅಜ್ಜನಿಗೇ ಟಿಕೆಟ್ ಕೊಡಿಸು ಹೋಗಪ್ಪ ಎಂದು ನಾನು ಕೂಗಿದೆ. ಯಜಮಾನರು ಟಿವಿಯ ದನಿ ಇಳಿಸಿದರು.

ನಮ್ಮವಳ ಸರದಿ ಬಂತು. ಗಿರಣಿಯ ಗಂಟಲು, ಮೈಕು ಬೇರೆ. ಮೊದಲ ಮಾತಿಗೇ ಮಂಟಪ ಗಡಗಡಿಸಿತು, ನಿರೂಪಕ ಓಡಿ ಬಂದು ಮೈಕನ್ನು ಅವಳಿಂದ ಮೊಳ ದೂರ ಸರಿಸಿದ. ಆದರೆ ಎಷ್ಟು ಚಂದ ಮಾತಾಡಿದಳು! ಟೆಂಪೊದಲ್ಲಿ ಆದ ಹೆರಿಗೆಯ ಕಥೆ ಹೇಳಿದಳು. ಮಗುವನ್ನು ಸುತ್ತಲು ತನ್ನ ಸೆರಗನ್ನೇ ಹರಿದದ್ದನ್ನು ಹೇಳಿದಳು. ಮಂಟಪದಲ್ಲಿ ಸೀಟಿ ಬಿದ್ದವು. ನಾನು ಚಪ್ಪಾಳೆ ತಟ್ಟಿದೆ, ಆಪಾ ತಟ್ಟಿದಳು, ಯಜಮಾನರು ರಿಮೋಟಿನಿಂದಲೇ ತೊಡೆಗೆ ತಟ್ಟಿಕೊಂಡರು. ಟಿಕೆಟ್ ಬಂತು, ಕೈಯಲ್ಲೇ ಅದ ಎಂದು ನಾನು ಎರಡು ಭಜಿ ಬಾಯಿಗೆ ಹಾಕಿಕೊಂಡೆ.

ನಾಲ್ಕನೆಯವನು ಮಹಾಗಾಂವದ ಬೀಜ-ಗೊಬ್ಬರದ ಅಂಗಡಿಯವನು. ಖರೆ ಎದುರಾಳಿ ಅವನೇ. ಬರುವಾಗಲೇ ಕೈಯಲ್ಲಿ ಒಂದು ಕಟ್ಟು ಹಾಳೆ. ಅವನು ನೇರವಾಗಿ ತಂಗಿಯ ಕಡೆ ತಿರುಗಿದ.

“ಅಕ್ಕಾರು ಆಂಬುಲೆನ್ಸ್ ಕಮಲಾಪುರದಾಗ ನಿಲ್ಲಬೇಕಂತಾರ. ಕಮಲಾಪುರದಾಗ ದವಾಖಾನಿ ಅದ, ಆಟೋ ಅದಾವ, ಟೆಂಪೊ ಅದಾವ. ಒಳಗಿನ ಹಳ್ಳಿಗೋಳಿಗಿ ಏನದ? ಅವ್ರೆಲ್ಲಾ ಬಂದು ಕೂಡೂದು ಮಹಾಗಾಂವ ಕ್ರಾಸಿಗಿ. ಗಾಡಿ ಕ್ರಾಸಿನ್ಯಾಗ ನಿಂತ್ರ ಎಲ್ಲಾರಿಗೂ ಮುಟ್ಟತದ. ಹೌದೋ ಅಲ್ಲೋ, ಅಕ್ಕಾರೇ ಹೇಳಲಿ.”

ಮಂಟಪದ ಅರ್ಧ ಹೋ ಎಂದಿತು, ಇನ್ನರ್ಧ ಏ ಎಂದಿತು. ನಾನು ಎದ್ದು ನಿಂತೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ತಾಲೂಕು ಯಾವುದಪ್ಪ, ಕಮಲಾಪುರವೋ ನಿನ್ನ ಕ್ರಾಸೋ? ಕೇಳು, ಅದನ್ನೇ ಕೇಳು ಎಂದು ಟಿವಿಗೆ ಬಡಿದುಕೊಂಡೆ. ತಂಗಿ ಮೈಕನ್ನು ಹತ್ತಿರ ಎಳೆದುಕೊಂಡಳು.

“ಅವ್ರು ಹೇಳೂದು ಬರೋಬ್ಬರಿ ಅದ ರೀ,” ಎಂದಳು.

ನಾನು ಕೂತೆ. ಕೂತದ್ದು ಸುಸಲಾದ ತಟ್ಟೆಯ ಮೇಲೆ ಎಂದು ಆಮೇಲೆ ತಿಳಿಯಿತು. ಆಪಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವರ ಮನೆಮಾತು ಉರ್ದುವಿನಲ್ಲೂ ಅದೇ ಶಬ್ದ ಇದೆ, ‘ಬರಾಬರ್’ ಎಂದು, ಹಾಗಾಗಿ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಡೀ ಮಂಟಪದಲ್ಲಿ ಗೊತ್ತಾಗದವನು ಆ ನಿರೂಪಕ ಒಬ್ಬನೇ. ಅವನು ಕಲಿತ ಕನ್ನಡದಲ್ಲಿ ‘ಬರೋಬ್ಬರಿ’ಯ ಹಿಂದೆ ಒಂದು ದೊಡ್ಡ ಮೊತ್ತ ಬರಬೇಕು, ಬರೋಬ್ಬರಿ ಇಷ್ಟು ಕೋಟಿ ಎಂದು ಸುದ್ದಿಯಲ್ಲಿ ಹೇಳುತ್ತಾರಲ್ಲ, ಹಾಗೆ. ಯಾವುದೋ ಹಗರಣ ಹೊರಗೆ ಬೀಳುತ್ತಿದೆ ಎಂದು ಅವನ ಕಣ್ಣು ಅರಳಿದವು. ಮೈಕು ಹಿಡಿದು ಮುಂದೆ ಬಾಗಿದ.

“ಬರೋಬ್ಬರಿ ಎಷ್ಟು ಮೇಡಂ?”

ಮಂಟಪ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನ ಹಿರಿಯರು ಟೋಪಿ ತೆಗೆದು ಮುಖ ಮುಚ್ಚಿಕೊಂಡು ನಕ್ಕರು. ಹುಡುಗ ಬಿಡಲೊಲ್ಲ, ಮೊತ್ತ ಹೇಳಿ ಮೇಡಂ, ಜನಕ್ಕೆ ಗೊತ್ತಾಗಲಿ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಅರ್ಥ ಬಿಡಿಸಿ ಹೇಳುವ ಕೆಲಸ ಎದುರಾಳಿಯ ಪಾಲಿಗೇ ಬಂತು. ಎಷ್ಟೂ ಅಲ್ಲ ರೀ, ನಾನು ಹೇಳಿದ್ದು ಸರಿ ಅಂತ ಅಂದಿದ್ದಾರೆ ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಬಾಗಿಲು ಒದೆಯಲು ಓಡಿ ಬಂದವನಿಗೆ ಬಾಗಿಲು ತೆರೆದೇ ಇದ್ದಂತಾಗಿತ್ತು. ತಂಗಿ ಸ್ವಾರ್ಥಿ, ತನ್ನೂರಿನ ಆಚೆ ನೋಡದವಳು ಎಂದೆಲ್ಲ ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಒಂದೊಂದೇ ತಿರುವಿದ, ಓದಲು ಏನೂ ಉಳಿದಿರಲಿಲ್ಲ. ನೀರು ಕುಡಿದ. ಅವನ ಸಮಯ ಇನ್ನೂ ಮಿಕ್ಕಿತ್ತು.

ಆ ಮಿಕ್ಕ ಸಮಯದಲ್ಲಿ ತಂಗಿ ಇನ್ನೊಂದು ಮಾತು ಸೇರಿಸಿದಳು. “ನಾ ನಮ್ಮೂರಿನ ಒಂದು ಟೆಂಪೊ ನೋಡಿ ಮಾತಾಡಿದ್ದೆ. ಇವ್ರು ಎಲ್ಲಾ ಊರು ನೋಡ್ಯಾರ. ಗಾಡಿ ಕ್ರಾಸಿನ್ಯಾಗೇ ನಿಲ್ಲಲಿ, ಅದಕ್ಕ ನಾನೂ ಕಚೇರಿ ಕಚೇರಿ ಅಡ್ಡಾಡ್ತೀನಿ.”

ಮಹಾಗಾಂವದ ಕಡೆಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಕ್ಯಾಮೆರಾ ಕಮಲಾಪುರದವರ ಕಡೆ ತಿರುಗಿತು, ಅಲ್ಲಿ ಕೈಗಳೆಲ್ಲ ಕಟ್ಟಿಕೊಂಡೇ ಇದ್ದವು. ಟಿಕೆಟು ಹೋಯಿತೆಂದು ಆ ಕೈಗಳನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ನನಗೆ ಬಂದ ಸಿಟ್ಟು ಹೇಳತೀರದು. ಇಷ್ಟು ವರ್ಷ ದುಡಿದದ್ದನ್ನು ಒಂದು ಶಬ್ದಕ್ಕೆ ಕೊಟ್ಟುಬಿಟ್ಟಳು, ‘ವಾದಕ್ಕಾಗಿ ಒಪ್ಪಿದರೂ’ ಎಂದಾದರೂ ಅನ್ನಬಾರದಾಗಿತ್ತೇ ಎಂದು ನಾನು ಕೂಗಾಡಿದೆ. ಯಜಮಾನರು ಈ ಸಲ ಟಿವಿಯನ್ನು ಪೂರ್ತಿ ಮೂಕ ಮಾಡಿದರು. ಆಪಾ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ಸಚ್ ಬೋಲಿ ನಾ,” ಎಂದಳು, “ಟಿವ್ಯಾಗ ಯಾರರೇ ಖರೇ ಹೇಳಿದ್ದು ನಾ ಇವತ್ತೇ ನೋಡಿದೆ.” ನಾನು ಅವಳ ಮೇಲೂ ಹರಿಹಾಯ್ದೆ.

ಮಧ್ಯಾಹ್ನಕ್ಕೆ ಚೀಟಿ ಎಣಿಸಿದರು. ಟಿಕೆಟ್ಟು ಮಹಾಗಾಂವದವನಿಗೆ ಹೋಯಿತು. ತಂಗಿ ಎರಡನೆಯವಳು, ಸ್ವಲ್ಪದರಲ್ಲೇ ತಪ್ಪಿತ್ತು. ಹಾರ ಹಾಕಿಸಿಕೊಳ್ಳುವಾಗ ಅವನು ಪಕ್ಕಕ್ಕೆ ತಿರುಗಿ ಅವಳನ್ನು ಹುಡುಕಿದ್ದು ಕಂಡಿತು, ಅವಳು ಅಷ್ಟರಲ್ಲೇ ವೇದಿಕೆ ಇಳಿದು ಹೋಗಿದ್ದಳು. ಫೋನ್ ಮಾಡಿದೆ, ಎತ್ತಲಿಲ್ಲ. ಸುಸಲಾ ಅಂಟಿದ ಸೀರೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಹೊರಟೆ. ಯಜಮಾನರು ಇವತ್ತು ಬೇಡ, ನಾಳೆ ಹೋಗು ಅಂದರು. ನಾಳೆಗೆ ಸಿಟ್ಟು ಆರಿಹೋಗುತ್ತದೆ, ಬಿಸಿ ಇರುವಾಗಲೇ ಬೈದು ಬರಬೇಕು ಎಂದು ನಾನು ಬಸ್ಸು ಹತ್ತಿದೆ.

ಕಿಟಕಿಯ ಪಕ್ಕ ಕೂತು ಬೈಗಳನ್ನು ಒಂದಾದ ಮೇಲೊಂದು ಜೋಡಿಸಿಕೊಂಡೆ, ಟೈಪ್ ಮಾಡಿದಷ್ಟು ಚೊಕ್ಕವಾಗಿ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಿತು. ತವರು ಕಮಲಾಪುರಕ್ಕೆ ಹೋಗುವಾಗೆಲ್ಲ ಅಲ್ಲಿ ನಿಲ್ಲುತ್ತದೆ, ನಾನು ಎಂದೂ ಕಣ್ಣೆತ್ತಿ ನೋಡಿದವಳಲ್ಲ. ಆವತ್ತು ಆ ಮನುಷ್ಯನ ಮೇಲಿನ ಸಿಟ್ಟಿಗೆ ಅವನ ಕ್ರಾಸನ್ನೂ ಸಿಟ್ಟಿನಿಂದಲೇ ನೋಡಿದೆ. ಒಳದಾರಿಯಿಂದ ಬೈಕುಗಳು, ತೊಗರಿ ಚೀಲದ ಮೇಲೆ ಜನ ಹೇರಿದ ಟೆಂಪೊಗಳು ಬಂದು ಬಂದು ಡಾಂಬರು ರಸ್ತೆಯ ಅಂಚಿಗೆ ಜನರನ್ನು ಇಳಿಸಿ ಹೋಗುತ್ತಿದ್ದವು. ಒಬ್ಬ ಹೆಂಗಸು ಕಾಲಿಗೆ ಅರಿವೆ ಸುತ್ತಿದ ಮಗಳನ್ನು ಎತ್ತಿಕೊಂಡು ನಮ್ಮ ಬಸ್ಸು ಹತ್ತಿದಳು. ಅರಿವೆ ಕೆಂಪಾಗಿತ್ತು. ನಾನು ಸರಿದು ಜಾಗ ಮಾಡಿದೆ. ಬಾಳ ಹೊತ್ತು ಕಾದಿರೇನು ಎಂದು ಕೇಳಿದೆ.

“ಇಲ್ಲೀತನಾ ಬೈಕಿನ್ಯಾಗ ಜಲ್ದಿನೇ ಬಂದೀವ್ರೀ,” ಎಂದಳು. “ಇಲ್ಲಿಂದ ಮುಂದನೇ ತ್ರಾಸ.”

ನನಗೆ ಮೈಯೆಲ್ಲ ಉರಿಯಿತು. ಎದುರಾಳಿಯ ಸಾಕ್ಷಿ ನನ್ನ ಪಕ್ಕದಲ್ಲೇ ಬಂದು ಕೂತಿದ್ದಳು, ಪಾಟಿ ಸವಾಲಿಗೆ ನನ್ನ ಹತ್ತಿರ ಒಂದು ಪ್ರಶ್ನೆಯೂ ಇರಲಿಲ್ಲ. ಕೂಸು ನನ್ನ ಸೆರಗು ಹಿಡಿದುಕೊಂಡು ನಿದ್ದೆಹೋಯಿತು. ಕಮಲಾಪುರದಲ್ಲಿ ಅವರನ್ನು ದವಾಖಾನೆಯ ಆಟೋ ಹತ್ತಿಸಿದೆ. ಗಿರಣಿಯ ಕಡೆ ನಡೆಯುವಾಗ ಜೋಡಿಸಿಟ್ಟ ಬೈಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಗಿರಣಿ ಓಡುತ್ತಿತ್ತು. ತಂಗಿ ಅದೇ ಹಸಿರು ಕುಪ್ಪಸದಲ್ಲಿ ನಿಂತು ಜೋಳ ಸುರಿಯುತ್ತಿದ್ದಳು, ತೋಳಿನ ಅಂಚು ಹಿಟ್ಟಿನಿಂದ ಬೆಳ್ಳಗಾಗಿತ್ತು. ಅತ್ತಿದ್ದಳು ಎಂದು ನೋಡಿದರೆ ತಿಳಿಯುತ್ತಿತ್ತು, ಹಿಟ್ಟು ಕೂತ ಕೆನ್ನೆಯ ಮೇಲೆ ಗೆರೆಗಳಿದ್ದವು. ಸರದಿಯಲ್ಲಿ ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ದಿನವೂ ಕಷ್ಟಸುಖ ಹೇಳುವವರು ಇವತ್ತು ಅವಳ ಕಡೆ ನೋಡದೆ ತಮ್ಮತಮ್ಮೊಳಗೇ ಮಾತಾಡುತ್ತಿದ್ದರು. ನಮ್ಮೂರಿನ ಗಾಡಿಯನ್ನು ಕೈಯಾರೆ ಮಂದಿಗೆ ಕೊಟ್ಟುಬಂದಳು ಎಂದು ಒಬ್ಬಳು ಅಂದದ್ದು ನನಗೇ ಕೇಳಿಸಿತು, ಅವಳಿಗೆ ಕೇಳಿಸದೆ ಇರುತ್ತದೆಯೇ? ಅವಳು ಚೀಲ ಕೊಡವಿ ಮುಂದಿನ ಚೀಲಕ್ಕೆ ಕೈಚಾಚಿದಳು.

ನನ್ನನ್ನು ಕಂಡು ಅವಳು ಹೆದರಿದಳು. ಬೈಸಿಕೊಳ್ಳಲು ಸಿದ್ಧಳಾಗಿ, ಸಣ್ಣವಳಿದ್ದಾಗ ಮಾಡುತ್ತಿದ್ದ ಹಾಗೆ ಭುಜ ಎರಡನ್ನೂ ಕಿವಿಯ ಹತ್ತಿರ ಎತ್ತಿಕೊಂಡಳು. ಹತ್ತಿರ ಹೋಗಿ ನಿಂತೆ.

“ಹೇಳಿಬಿಡು,” ಎಂದು ಗಿರಣಿಯ ಮೇಲಿಂದ ಕೂಗಿದಳು. “ನಂದು ತಪ್ಪಾತೇನು?”

ನಾನು ಬಾಯಿ ತೆರೆದೆ. ಶಬ್ದ ಹೊರಗೆ ಬರಲು ಬಹಳ ಸತಾಯಿಸಿತು. ಕೊನೆಗೆ ಅವಳಿಗೂ ಕೇಳಿಸದಷ್ಟು ಮೆಲ್ಲಗೆ, ಬಾಯೊಳಗೇ ಅಂದೆ.

“ಏನಂದಿ?” ಎಂದಳು. ಕಿವಿಯ ಹಿಂದೆ ಕೈಯಿಟ್ಟುಕೊಂಡಳು. ಅಷ್ಟು ಸಾಲದೆಂದು ಹೋಗಿ ಗಿರಣಿಯನ್ನೇ ಬಂದ್ ಮಾಡಿದಳು. ಮೋಟಾರಿನ ಪಟ್ಟಿ ಸುತ್ತಿ ಸುತ್ತಿ ನಿಂತಿತು. ಓಣಿಗೆ ಓಣಿಯೇ ಮೌನವಾಯಿತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಬಾಗಿಲಿನಿಂದ ಯಾರದೋ ಎಮ್ಮೆ ಕೂಡ ಇಣುಕಿತು.

ಹೇಳದೆ ಗತಿ ಇರಲಿಲ್ಲ. ಹೇಳುವುದೇ ಆದರೆ ಸರಿಯಾಗಿಯೇ ಹೇಳೋಣ ಎಂದು ಗಂಟಲು ಎತ್ತರಿಸಿ, ಗಾಡಿ ಕೊಟ್ಟುಬಂದಳು ಎಂದವಳ ಮುಖವನ್ನೇ ನೋಡುತ್ತ ಹೇಳಿದೆ. “ನೀ ಹೇಳಿದ್ದು ಬರೋಬ್ಬರಿ ಅದ. ಬಾಲ ಗೀಲ ಏನೂ ಇಲ್ಲ. ಬರೋಬ್ಬರಿ ಅದ.”

ತಂಗಿ ಕೆನ್ನೆಯನ್ನು ಮೊಣಕೈಯಿಂದ ಒರೆಸಿಕೊಂಡಳು, ಇನ್ನಷ್ಟು ಹಿಟ್ಟು ಬಳಿದುಕೊಂಡಿತು. ಗೋಡೆಗೆ ಒರಗಿದ್ದವಳು ತನ್ನ ಚೀಲವನ್ನು ಮುಂದೆ ತಂದಿಟ್ಟು, ಸಣ್ಣಗೆ ಬೀಸಬೇಕು ಎಂದು ಅವಳಿಗೇ ನೇರವಾಗಿ ಹೇಳಿದಳು. ತಂಗಿ ಗಿರಣಿ ಚಾಲೂ ಮಾಡಲು ಹೋದವಳು ನನ್ನ ಪಕ್ಕ ಹಾಯುವಾಗ ಒಂದು ಗಳಿಗೆ ನಿಂತಳು. ಅವಳ ಕಣ್ಣು ನಗುತ್ತಿದ್ದವು.

“ಮೊದಲ್ನೇ ಸಲನೇ ಕೇಳಿಸಿತ್ತು,” ಎಂದಳು.